ಬಾಡಿನ ಎಸರು, ಬೆನ್ನಿನ ಬೆವರು

ಒಂದೇ ಕೂತಲ್ಲಿ ಒಂದು ಇಡೀ ಕುರಿಮರಿಯ ಬಾಡು, ಹನ್ನೊಂದು ಜೋಳದ ರೊಟ್ಟಿ, ಮೇಲೆ ಎರಡು ರಾಗಿ ಮುದ್ದೆ ಉಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತ ಗಂಡಸು ದಾವಣಗೆರೆಯಲ್ಲಿ ನಾನೊಬ್ಬನೇ. ನೋಡಿದವರು ಏಳು ಜನ ಇದ್ದರು. ಏಳೂ ಜನ ಈಗಿಲ್ಲ. ಒಬ್ಬೊಬ್ಬರ ಮಣ್ಣಿಗೂ ನಾನೇ ಹೋಗಿ ಬಂದಿದ್ದೀನಿ. ಸುಳ್ಳು ಅನ್ನುವವರು ಮೇಲಕ್ಕೆ ಹೋಗಿ ಕೇಳಿಕೊಂಡು ಬರ್ರಿ. ನಾನು ಇಲ್ಲೇ ವಿನೋಬನಗರದಲ್ಲಿ ನಮ್ಮ ಮನೆ ಕಟ್ಟೆ ಮೇಲೆ ಕೂತಿರ್ತೀನಿ, ಎಲ್ಲೂ ಹೋಗಲ್ಲ.

ಆದರೆ ಒಂದು ಮಾತು. ಬಾಡು ಎಷ್ಟು ತಿಂದಿದ್ದೀನೋ ಅಷ್ಟೇ ಹೆದರಿಕೆಯನ್ನೂ ತಿಂದಿದ್ದೀನಿ. ಎಲ್ಲಿ ಕುರಿ ಬೇಯುತ್ತೋ ಅಲ್ಲೇ ಪಕ್ಕದ ಒಲೆ ಮೇಲೆ ನನಗೊಂದು ಗಂಡಾಂತರವೂ ಬೇಯುತ್ತಿರುತ್ತೆ. ಯಾಕ ಅಂತ ಕೇಳಿದರೆ ನನಗೂ ಗೊತ್ತಿಲ್ಲ, ನನ್ನ ಹಣೆಬರಹ ಬರೆದವನು ಮಸಾಲೆ ಕೈಯಲ್ಲೇ ಬರೆದಿರಬೇಕು. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಹೋಟ್ಲು ಬೋರ್ಡು ಓದಿ. ಅದಕ್ಕೇ ಈವತ್ತಿಗೂ ‘ಊಟ ತಯಾರಿದೆ’ ಅನ್ನೋದನ್ನ ಬರೆದಷ್ಟು ಚೆಂದ ನನ್ನ ಹೆಸರು ಬರೆಯೋಕೆ ಬರಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿಕೊಳ್ಳಿ.

ಸೇರಿಕೊಂಡ ದಿನ

ಕೊಕ್ಕನೂರಿನಿಂದ ದಾವಣಗೆರೆಗೆ ಬಂದಾಗ ನನಗೆ ಇಪ್ಪತ್ತೋ ಇಪ್ಪತ್ತೊಂದೋ. ಆಗ ಈ ಊರು ಹತ್ತಿ ಮಿಲ್ಲುಗಳ ಊರು. ಮಿಲ್ಲಿನ ಕೂಗು ಆಯಿತು ಅಂದರೆ ಹಸಿದ ಜನ ಗೇಟಿನಿಂದ ಹೊಳೆ ನೀರಿನ ಹಾಗೆ ಹೊರಗೆ ಬರೋರು. ಅವರು ಬರುವ ದಾರಿಯಲ್ಲೇ ಒಂದು ಬಾಡೂಟದ ಖಾನಾವಳಿ. ಮಾಲೀಕರು ಕುಸ್ತಿ ಬಿಟ್ಟ ಪೈಲ್ವಾನರು. ಕುಸ್ತಿ ಬಿಟ್ಟಿದ್ದರು, ಕುಸ್ತಿ ಅವರನ್ನ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗೋದು.

“ಅಡಿಗೆ ಬರುತ್ತಾ?” ಅಂದರು.

“ಬರೋದೇನ್ರಿ! ಮಹಾರಾಜ್ರು ಬೇಟೆಗೆ ಬಂದಾಗ ಕ್ಯಾಂಪಿನಾಗೆ ಬಾಡಿನ ಅಡಿಗೆ ಪೂರಾ ನನ್ನದೇ” ಅಂದೆ.

ಬಾಯಿಂದ ಬಂದುಬಿಟ್ಟಿತು. ಹಸಿವು ಹಾಗೆ ಮಾತಾಡಿಸುತ್ತೆ. ನಿಜ ಹೇಳಬೇಕೆಂದರೆ ನಾನು ಊರಲ್ಲಿ ಕುರಿ ಕಾಯ್ದವನು. ಕುರಿಯ ಹೊರಗಿನ ಸಮಾಚಾರ ಎಲ್ಲ ಗೊತ್ತಿತ್ತು, ಪಾತ್ರೆ ಒಳಗಿನದು ಒಂದೂ ಗೊತ್ತಿರಲಿಲ್ಲ.

“ಸರಿ ತಮ್ಮಾ. ಇದಕ್ಕೆ ಮುಂಚೆ ಇದ್ದೋನು ಸುಳ್ಳು ಹೇಳಿ ಸೇರಿಕೊಂಡಿದ್ದ. ನಾಲ್ಕನೇ ದಿನ ಆ ಗೋಡೆ ದಾಟಿ ಆಚೆಗೆ ಹೋದ.”

ಹಿತ್ತಲ ಗೋಡೆ ನೋಡಿದೆ. ನನ್ನ ಎದೆಮಟ್ಟ ಇತ್ತು. “ಹತ್ತಿ ಹೋದನೇನ್ರಿ?” ಅಂದೆ.

“ಇಲ್ಲ. ನಾನೇ ಕಳಿಸಿದೆ” ಅಂದರು, ಒಂದು ಕೈ ಎತ್ತಿ ತೋರಿಸಿ.

ಆ ಖಾನಾವಳಿಗೆ ಒಂದು ಪದ್ಧತಿ ಇತ್ತು. ಪೈಲ್ವಾನರು ಅಡಿಗೆಯ ರುಚಿ ತಾವು ನೋಡುತ್ತಿರಲಿಲ್ಲ. ಮೊದಲ ಗಿರಾಕಿ ಬರೋಕೆ ಮುಂಚೆ ಅಡಿಗೆಯವನು ಅವರ ಎದುರು ಕೂತು ತುಂಬಿದ ಒಂದು ತಟ್ಟೆ ಉಣ್ಣಬೇಕು. ಅವರು ಅವನ ಮುಖ ನೋಡುತ್ತಾ ಕೂಡುವರು. “ನಾಲಿಗೆ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ” ಅನ್ನೋರು.

ಮೊದಲ ದಿನ ಹೆದರಿಕೆಯಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಎರಡನೇ ಸಲ ಹಾಕಿದ್ದೆ. ಅದನ್ನೂ ಮರೆತು ಮೂರನೇ ಸಲ ಹಾಕಿದ್ದೆ. ಮೊದಲ ತುತ್ತಿಗೇ ನನ್ನ ಎರಡೂ ಕಿವಿ ಮುಚ್ಚಿಕೊಂಡವು. ಎದುರಿಗೆ ಆ ಮೀಸೆ, ಮೀಸೆಯ ಹಿಂದೆ ಆ ಗೋಡೆ. ನಾನು ನಕ್ಕೆ. ಮಗುವಿಗೆ ಜಾವಳ ತೆಗೆಸಿದ ದಿನದ ತಾಯಿ ನಗುವ ಹಾಗೆ ನಕ್ಕೆ. “ಆಹಾ” ಅಂದು ಎರಡನೇ ಸಲ ಬಡಿಸಿಕೊಂಡೆ. ಕಣ್ಣಲ್ಲಿ ನೀರು ಬಂತು. “ಯಾಕ ಅಳ್ತಿ?” ಅಂದರು. “ಮಹಾರಾಜ್ರು ನೆನಪಾದ್ರು” ಅಂದೆ. ಪೈಲ್ವಾನರಿಗೂ ಕಣ್ಣು ತುಂಬಿತು. ಎದ್ದು ಹೋಗಿ ಬಾಗಿಲು ತೆರೆದರು.

ಅಷ್ಟರಲ್ಲಿ ಒಲೆಯ ಹಿಂದಿನ ಗೋಡೆ ಕಿಂಡಿಯಿಂದ ಒಂದು ಹೆಣ್ಣು ದನಿ ಬಂತು. “ಏ ಮಹಾರಾಜ್ರ ಅಡಿಗೆಯವನೇ! ರಾಗಿ ಹಿಟ್ಟು ಕಲಸಿ ಐದಾರು ಉಂಡೆ ಬಿಡು ಎಸರಿಗೆ. ಉಪ್ಪು ಕುಡೀತಾವೆ. ಆಮೇಲೆ ತೆಗೆದು ಬಿಸಾಕು. ನೀರು ಹಾಕಿ ಒಂದು ಕುದಿ ಕುದಿಸು. ಇನ್ನೂ ನಿಂತು ನೋಡ್ತಿಯಲ್ಲ, ಬೇಗ!”

ಆಕೆ ಪೈಲ್ವಾನರ ಅಕ್ಕನ ಮಗಳು. ಅಪ್ಪ ಅವ್ವ ಇರಲಿಲ್ಲ, ಮಾವನ ಮನೆಯಲ್ಲೇ ಬೆಳೆದವಳು. ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಒರಳುಕಲ್ಲಿನ ಮುಂದೆ ಕೂತು ಖಾನಾವಳಿಯ ಮಸಾಲೆ ಪೂರಾ ಅರೆಯೋಳು. ನಾನು ಹೇಳಿದ ಸುಳ್ಳು ಆಕೆಗೆ ಮೊದಲ ಗಳಿಗೆಯಲ್ಲೇ ಗೊತ್ತಾಗಿತ್ತು. ಉಂಡೆ ಬಿಟ್ಟೆ, ಊಟ ಉಳಿಯಿತು, ನಾನೂ ಉಳಿದೆ.

ಆದರೆ ಹೊಟ್ಟೆ ಒಳಗಿನ ಉಪ್ಪಿಗೆ ಯಾವ ಉಂಡೆ ಬಿಡೋದು? ಆ ಮಧ್ಯಾಹ್ನ ಹಿತ್ತಲ ಬಾವಿಯ ಹತ್ತಿರ ನಿಂತು ಕುಡಿಯೋಕೆ ಶುರು ಮಾಡಿದೆ ನೋಡಿ, ಸಂಜೆ ಹೊತ್ತಿಗೆ ಬಾವಿಯ ತಳ ಕಂಡಿತು. ದಾವಣಗೆರೆಯಲ್ಲಿ ನೀರಿನ ತಾಪತ್ರಯ ಶುರುವಾದದ್ದೇ ಆವತ್ತಿನಿಂದ.

ಕಣ್ಣು ಹೊಡೆದ ತಲೆ

ಆಮೇಲೆ ನನಗೂ ಆಕೆಗೂ ಒಂದು ಏರ್ಪಾಡು ಆಯಿತು. ಗಂಡಾಳು ಕೆಲಸ ಮಾಡುವ ಒಲೆ ಮುಂದೆ ಆಕೆ ಬರುವಂತಿಲ್ಲ, ಕಿಂಡಿಯಲ್ಲಿ ಮಾತಾಡಿದರೆ ಪೈಲ್ವಾನರ ಕಿವಿ ಚುರುಕು. ಅದಕ್ಕೆ ಒರಳುಕಲ್ಲಿನಲ್ಲೇ ಪಾಠ. ಕಲ್ಲು ಗಡಗಡ ಜೋರಾಗಿ ತಿರುಗಿದರೆ ಸೌಟು ಆಡಿಸು. ನಿಧಾನ ಆದರೆ ಉರಿ ಹಿಂದಕ್ಕೆ ಎಳಿ. ಪೂರಾ ನಿಂತರೆ ಪಾತ್ರೆ ಇಳಿಸು. ಗೋಡೆಯ ಆಚೆ ಕೂತ ಆಕೆಗೆ ಬರೀ ವಾಸನೆಯಲ್ಲೇ ಬಾಡು ಎಷ್ಟು ಬೆಂದಿದೆ ಅಂತ ಗೊತ್ತಾಗೋದು. ಅಂಥ ಮೂಗು ನಾನು ಈ ಭೂಮಿ ಮೇಲೆ ಇನ್ನೊಂದು ಕಾಣೆ.

ಎರಡು ತಿಂಗಳಲ್ಲಿ ನನ್ನ ಹೆಸರು ಹಬ್ಬಿತು. ಎಂಥ ಎಸರು ಅಂತೀರಿ! ಹುರಿದ ಕೊಬ್ಬರಿ, ಗಸಗಸೆ, ಒಣ ಮೆಣಸಿನಕಾಯಿ, ಚಕ್ಕೆ ಲವಂಗ ಅರೆದು ಬಿಟ್ಟರೆ ಮೇಲೆ ಕೆಂಪು ಎಣ್ಣೆ ನಿಂತು ಅದರಲ್ಲಿ ನಿಮ್ಮ ಮುಖ ಕಾಣೋದು. ಬಿಸಿ ಜೋಳದ ರೊಟ್ಟಿ ಮುರಿದು ಅದ್ದಿದರೆ ರೊಟ್ಟಿ ತಾನೇ ನಾಚಿಕೊಂಡು ಮೆತ್ತಗಾಗೋದು. ಬೋಟಿ ಪಲ್ಯಕ್ಕೆ ಅಂತ ಬಸ್ಸಿನ ಡ್ರೈವರುಗಳು ದಾರಿ ಬಿಟ್ಟು ಬರೋರು. ಖೈಮಾ ಉಂಡೆ ಬಾಯಿಗೆ ಹಾಕಿದರೆ ಹಲ್ಲಿಲ್ಲದ ಮುದುಕರೂ ಹಲ್ಲು ಬಂತೇನೋ ಅಂತ ತಡವಿ ನೋಡಿಕೊಳ್ಳೋರು. ನಲ್ಲಿ ಮೂಳೆಯನ್ನ ತಟ್ಟೆಗೆ ಕುಟ್ಟಿ ಕುಟ್ಟಿ ಹೀರುವ ಸದ್ದು ಮಿಲ್ಲಿನ ಸದ್ದಿಗಿಂತ ಜೋರಾಗಿತ್ತು. ಹೊರಗೆ ನಾನು ಮೀಸೆ ತಿರುವುತ್ತಿದ್ದೆ. ಒಳಗೆ ದಿನವೂ ನಡುಗುತ್ತಿದ್ದೆ. ಒಂದು ದಿನ ಆ ಕಲ್ಲು ತಿರುಗದಿದ್ದರೆ?

ಒಂದು ದಿನ ತಿರುಗಲಿಲ್ಲ. ಆಕೆಗೆ ಚಳಿಜ್ವರ, ಕಂಬಳಿ ಹೊದ್ದು ಮಲಗಿದ್ದಳು. ಅದೂ ತಲೆ-ಕಾಲು ಸಾರಿನ ದಿನ! ತಲೆಯನ್ನ ಸುಡಬೇಕು, ಕೆರೀಬೇಕು, ಸೀಳಬೇಕು, ತುಂಡು ಮಾಡಬೇಕು. ಎಲ್ಲಿಂದ ಸೀಳೋದು ಅಂತ ಗೊತ್ತಾಗದೆ, ಸುಟ್ಟು ಕೆರೆದ ತಲೆಯನ್ನ ಇಡಿಯಾಗಿ ಕುದಿಯೋ ಎಸರಿಗೆ ಬಿಟ್ಟೆ, ಮುಚ್ಚಳ ಮುಚ್ಚಿದೆ, ಮೇಲೆ ಕಲ್ಲು ಹೇರಿ ದೇವರನ್ನ ನೆನೆದೆ.

ಪೈಲ್ವಾನರು ಬಂದರು. “ಏನೋ ಈವತ್ತು ಒರಳಿನ ಸದ್ದೇ ಇಲ್ಲ? ಏನು ಮಾಡಿದ್ದಿ ನೋಡೋಣ” ಅಂತ ಕಲ್ಲು ಇಳಿಸಿ ಮುಚ್ಚಳ ತೆಗೆದರು.

ಒಳಗೆ ಕುದಿ ಮೇಲೆ ಕುದಿ ಬರುತ್ತಿತ್ತು. ಹಬೆ ಸರಿದ ಕೂಡಲೇ ಆ ತಲೆ ಮೆಲ್ಲಗೆ ಮೇಲೆದ್ದು ಬಂತು. ಪೈಲ್ವಾನರ ಕಡೆಗೇ ತಿರುಗಿತು. ಒಂದು ಕಣ್ಣು ತೆರೆದಿತ್ತು. ಇನ್ನೊಂದರ ರೆಪ್ಪೆ ಕುದಿಗೆ ಸಿಕ್ಕು ಪಟ್ ಅಂತ ಮುಚ್ಚಿ ತೆರೆಯಿತು.

ಮುಚ್ಚಳ ಠಣ್ ಅಂತ ನೆಲಕ್ಕೆ ಬಿತ್ತು. ಮೂವತ್ತು ಜನರನ್ನ ಮಣ್ಣು ಮುಕ್ಕಿಸಿದ ಪೈಲ್ವಾನರು ಒಂದೇ ನೆಗೆತಕ್ಕೆ ಒಳಗಿಂದ ಬೀದಿಗೆ ಬಿದ್ದರು. ನನ್ನ ಕತೆ ಮುಗಿಯಿತು ಅಂದುಕೊಂಡು ನಾನು ಗೋಡೆ ಕಡೆ ನೋಡಿದೆ. ಇವರು ಕಳಿಸೋಕೆ ಮುಂಚೆ ನಾನೇ ಹತ್ತಿ ಹೋಗೋದು ಮರ್ಯಾದೆ ಅನ್ನಿಸಿತು. ಅಷ್ಟರಲ್ಲಿ ಅವರು ವಾಪಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

“ಅದು ನನ್ನ ನೋಡ್ತು ಕಣೋ. ಕಣ್ಣು ಹೊಡೀತು. ಅಮ್ಮನೇ ಕಳಿಸಿದಾಳೆ. ಮೊಣಕಾಲು ವಾಸಿ ಆದ್ರೆ ಒಂದು ಟಗರು ಕೊಡ್ತೀನಿ ಅಂತ ಊರಮ್ಮಗೆ ಹರಕೆ ಹೊತ್ತಿದ್ದೆ. ಮೂರು ವರ್ಷ ಆತು, ಕೊಟ್ಟಿಲ್ಲ. ಕೇಳೋಕೆ ಬಂದಾಳೆ.”

ಅಲ್ಲೇ ನಿರ್ಧಾರ ಆಯಿತು. ಹರಿಹರದಿಂದ ಟಗರು ತರೋದು, ಮೇಯಿಸೋದು, ಊರ ಹಿರಿಯರನ್ನ ಕರೆದು ಹರಕೆಯ ಊಟ ಹಾಕೋದು. ಆಮೇಲೆ ದನಿ ತಗ್ಗಿಸಿ ಹೇಳಿದರು. “ನಮ್ಮ ಹುಡುಗಿಗೆ ಹರಿಹರದಾಗೆ ಹೋಟ್ಲು ಇಟ್ಟೋನೊಬ್ಬ ಕೇಳ್ತಾ ಇದಾನೆ. ನನಗೆ ನಿನ್ನ ಕೈ ರುಚಿ ಮೇಲೆ ಮನಸ್ಸೈತೆ. ಹರಕೆ ಸುಸೂತ್ರ ಆಗಿ, ಹಿರಿಯರು ಉಂಡು ತಲೆ ತೂಗಿದ್ರೆ ಹುಡುಗಿ ನಿನಗೆ. ಏನಾದ್ರೂ ವಿಘ್ನ ಆತೋ, ಅಮ್ಮ ಬ್ಯಾಡ ಅಂದಂಗೆ. ಆಕೆ ಹರಿಹರಕ್ಕೆ, ನೀನು ಗೋಡೆ ಆಚೆಗೆ.”

ನನಗೆ ಆಕೆಯ ಮುಖ ಪೂರಾ ಕಂಡದ್ದು ಅಷ್ಟು ದಿನದಲ್ಲಿ ನಾಲ್ಕು ಸಲ. ಆದರೆ ಆ ಕಲ್ಲಿನ ಸದ್ದು ಇಲ್ಲದೆ ನನಗೆ ಬದುಕೇ ಬರಲ್ಲ ಅಂತ ಆವತ್ತೇ ಗೊತ್ತಾಗಿತ್ತು.

ಪೈಲ್ವಾನರೋ, ಆವತ್ತಿನಿಂದ ಯಾವ ಪಾತ್ರೆಯ ಮುಚ್ಚಳವನ್ನೂ ತಾವೇ ತೆಗೆಯಲಿಲ್ಲ. ಕುಡಿಯೋ ನೀರಿನ ಕೊಡಕ್ಕೂ ನನ್ನನ್ನೇ ಕಳಿಸಿ, “ಒಳಗೆ ಯಾರಾದ್ರೂ ಇದಾರೇನು ನೋಡಿ ಬಾ” ಅನ್ನೋರು.

ರೈಲಿನಲ್ಲಿ ಅಜ್ಜಿ

ಹರಿಹರದ ಸಂತೆಯಲ್ಲಿ ಟಗರು ಆರಿಸಿದೆ. ಇದು ಮಾತ್ರ ನನ್ನ ಸ್ವಂತ ವಿದ್ಯೆ. ಬೆನ್ನ ಮೇಲೆ ಬೆರಳಿಟ್ಟರೆ ಒಳಗೆ ಎಷ್ಟು ಕೊಬ್ಬು ಅಂತ ಹೇಳಬಲ್ಲೆ. ಎಳೇ ಟಗರು, ಕರೀ ಮುಖ, ಸಣ್ಣ ಸುರುಳಿ ಕೊಂಬು, ನಡೆದರೆ ಬೆನ್ನು ತುಳುಕೋದು.

ಪೈಲ್ವಾನರು ಮೊದಲೇ ಹೇಳಿ ಕಳಿಸಿದ್ದರು. “ನಡೆಸಿಕೊಂಡು ಬರಬ್ಯಾಡ. ಅಷ್ಟು ದೂರ ನಡೆದ್ರೆ ಅರ್ಧ ಕೊಬ್ಬು ರಸ್ತೆಗೇ ಹೋತದೆ. ಕೂಡಿಸಿಕೊಂಡು ಬಾ.” ಬಸ್ಸಿನವರು ಹತ್ತಿಸಲಿಲ್ಲ. ರೈಲಿನ ಗಾರ್ಡು ಸಾಮಾನಿನ ಡಬ್ಬಿ ಭರ್ತಿ ಆಗೈತೆ ಅಂದ. ಇನ್ನೇನು ಮಾಡೋದು? ಎರಡು ಟಿಕೀಟು ತಗೊಂಡೆ. ನನ್ನ ಕಂಬಳಿಯನ್ನ ಟಗರಿಗೆ ತಲೆ ಮುಚ್ಚುವ ಹಾಗೆ ಕೊಪ್ಪೆ ಹಾಕಿ ಹೊದಿಸಿದೆ. ಡಬ್ಬಿಯ ಮೂಲೆಯಲ್ಲಿ, ಕಿಟಕಿ ಪಕ್ಕ, ನನ್ನ ಎರಡು ಕಾಲ ನಡುವೆ ಕೂಡಿಸಿ ಅಪ್ಪಿಕೊಂಡೆ.

ಪಕ್ಕಕ್ಕೆ ಬಂದು ಕೂತವರು ಹಣೆ ತುಂಬ ವಿಭೂತಿ ಧರಿಸಿದ್ದ ಒಬ್ಬ ಹಿರಿಯ ವ್ಯಾಪಾರಸ್ಥರು. ಮಡಿ ಪಂಚೆ, ತೊಡೆ ಮೇಲೆ ಬಾಳೆಪಟ್ಟೆ ಸುತ್ತಿದ ಒಂದು ಕಟ್ಟು ವೀಳ್ಯದೆಲೆ. ಬಾಡು ಅಂದರೆ ಹತ್ತು ಮಾರು ದೂರ ಹೋಗುವ ಮನೆತನ ಅಂತ ನೋಡಿದರೇ ಗೊತ್ತಾಗೋದು. ಟಗರು ಒಂದು ಸಲ ಬ್ಯಾ ಅಂದರೆ ಸಾಕು, ಅವರು ಎದ್ದು ಕೂಗಿ, ಟೀಸಿ ಬಂದು, ಟಗರು ಕೆಳಗೆ, ಹುಡುಗಿ ಹರಿಹರಕ್ಕೆ, ನಾನು ಗೋಡೆ ಆಚೆಗೆ.

“ಯಾರಪ್ಪ ಅದು? ಹುಷಾರಿಲ್ಲೇನು?” ಅಂದರು.

“ನಮ್ಮಜ್ಜಿ ರೀ. ಚಳಿ.”

“ಪಾಪ. ತಲೆ ಮೇಲೆ ಎರಡು ಕಡೆ ಉಬ್ಬೈತಲ್ಲ?”

“ಎರಡು ತುರುಬು ರೀ. ಹಳೇ ಕಾಲದಾಕೆ.”

ಟೀಸಿ ಬಂದ. ಕರೀ ಕೋಟು ಕಂಡದ್ದೇ ನನ್ನ ತೊಡೆ ನಡುಗೋಕೆ ಹತ್ತಿದವು, ಟಗರೂ ಜೊತೆಗೆ ಅಲ್ಲಾಡಿತು. ಎರಡು ಟಿಕೀಟು ಕೊಟ್ಟೆ. ಅವನು ಕಂಬಳಿ ಕಡೆ ಬಗ್ಗಿ ನೋಡಿದ. ಪಕ್ಕದ ಹಿರಿಯರು ಗದರಿದರು. “ಏನ್ರಿ, ಜ್ವರದಾಗೆ ನಡುಗೋ ಮುದುಕಿನ ಬಗ್ಗಿ ನೋಡ್ತೀರಲ್ಲ, ಮುಂದಕ್ಕೆ ಹೋಗ್ರಿ!” ಅವನು ನಾಚಿಕೊಂಡು ಹೋದ. ನಾನು ಉಸಿರು ಬಿಟ್ಟೆ.

ಬಿಟ್ಟ ಉಸಿರು ಪೂರಾ ಹೊರಗೆ ಬಂದಿರಲಿಲ್ಲ, ಕಂಬಳಿ ಒಳಗಿಂದ ಕರಕ್ ಕರಕ್ ಅಂತ ಸದ್ದು. ನೋಡ್ತೀನಿ, ಕೊಪ್ಪೆಯ ಸಂದಿನಿಂದ ಮೂತಿ ಚಾಚಿ ಟಗರು ಅವರ ವೀಳ್ಯದೆಲೆ ಕಟ್ಟಿಗೆ ಬಾಯಿ ಹಾಕಿದೆ. ಅವರಿಗೆ ಕಣ್ಣು ಮಂಜು. ಎಲೆ ಒಂದೊಂದಾಗಿ ಒಳಗೆ ಹೋಗೋದು ಮಾತ್ರ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

“ತಿನ್ನಲಿ ಬಿಡಪ್ಪ” ಅಂದರು ಅವರು. ಸ್ವಲ್ಪ ಹೊತ್ತು ನೋಡುತ್ತಾ ಕೂತು, “ಸುಣ್ಣ ಬ್ಯಾಡ, ಅಡಿಕೆ ಬ್ಯಾಡ, ಬರೀ ಎಲೆ! ಹಲ್ಲು ಎಷ್ಟು ಗಟ್ಟಿ ಅವೆ! ನಮ್ಮವ್ವನೂ ಇದೇ ವಯಸ್ಸಿನಾಕೆ, ಅರ್ಧ ಎಲೆ ಅಗಿಯೋಕೆ ಆಗಲ್ಲ. ಮನೇಲಿ ಏನು ತಿನ್ನಿಸ್ತೀರಿ?” ಅಂತ ಕೇಳಿದರು.

ಹೆದರಿಕೆಗೆ ಬಾಯಿ ತಪ್ಪಿ, “ಹುಲ್ಲು ರೀ” ಅಂದುಬಿಟ್ಟೆ.

ಅವರು ಗಂಭೀರವಾಗಿ ತಲೆ ತೂಗಿದರು. “ಅದಕ್ಕೇ ಮತ್ತೆ! ನಾವು ನಮ್ಮವ್ವಗೆ ದಿನಾ ಮೆತ್ತನ್ನ ಅನ್ನ ಹಾಕಿ ಕೆಡಿಸಿಬಿಟ್ವಿ.”

ಹಿತ್ತಲಿನ ಯಜಮಾನ

ಟಗರನ್ನ ಹಿತ್ತಲಲ್ಲಿ ಕೈತೊಳೆಯುವ ಬಂಡೆಯ ಹತ್ತಿರ ಕಟ್ಟಿದೆವು. ಗಿರಾಕಿಗಳು ಉಳಿಸಿದ ಮುದ್ದೆ, ರೊಟ್ಟಿ ಚೂರು ಎಲ್ಲ ಅದಕ್ಕೆ. ಒಂದು ತಿಂಗಳಿಗೆ ಹುಲ್ಲು ತೋರಿಸಿದರೆ ಮುಖ ತಿರುಗಿಸಿತು. ಎರಡು ತಿಂಗಳಿಗೆ ಕತ್ತೆ ಗಾತ್ರ ಆಯಿತು. ಮೂರನೇ ತಿಂಗಳಿಗೆ ಎಷ್ಟಾಯಿತು ಅಂತ ಹೇಳಿದರೆ ನೀವು ನಂಬಲ್ಲ, ಬಿಡಿ.

ಅದಕ್ಕೆ ಒಂದೇ ದುರಭ್ಯಾಸ, ಬಗ್ಗಿದವರನ್ನ ಕಂಡರೆ ಗುದ್ದೋದು. ಬಂಡೆಗೆ ಬಗ್ಗದೆ ಕೈ ತೊಳೆಯೋದು ಹೆಂಗೆ? ಜನ ಉಂಡ ಖುಷಿಯಲ್ಲಿ ಬಂದು ಟಗರು ಕಂಡು, ಹೆದರಿ, ದೂರದಲ್ಲೇ ನಿಂತು ಚೊಂಬಿನ ನೀರು ಎರಚಿಕೊಂಡು ಓಡೋರು. ಆ ನೀರೆಲ್ಲ ಟಗರಿನ ಮೈ ಮೇಲೆ. ಸೊಂಟ ಬಗ್ಗಿಸುವ ಧೈರ್ಯ ಖಾನಾವಳಿಗೇ ಇಲ್ಲದಂತಾಯಿತು.

ಒಂದು ದಿನ ಹೊಸಬರು ಒಬ್ಬರು ಬಂದರು. ಮಿಲ್ಲಿನ ಗುಮಾಸ್ತರು, ದಪ್ಪ ಆಳು, ಬೋಟಿ ಪಲ್ಯದಲ್ಲಿ ನಾಲ್ಕು ರೊಟ್ಟಿ ಉಂಡು ತೇಗಿ ಹಿತ್ತಲಿಗೆ ಹೋಗಿ ಬಗ್ಗಿದರು. ನಾನು “ಬ್ಯಾಡ್ರೀ!” ಅಂತ ಕೂಗುವಷ್ಟರಲ್ಲಿ ಟಗರು ಎರಡು ಹೆಜ್ಜೆ ಹಿಂದಕ್ಕೆ ಸರಿದು ಬಂತು. ಗುಮಾಸ್ತರು ಹಿತ್ತಲಿನ ಬಾಗಿಲಿನಿಂದ ಒಳಗೆ ಹಾರಿ, ನೇರ ತಾವು ಉಂಡೆದ್ದ ಮಣೆಯ ಮೇಲೇ ಬಂದು ಕೂತರು. ಎದುರಿಗೆ ಪೈಲ್ವಾನರು ನಿಂತಿದ್ದರು. ಹಿಂದಿನಿಂದ ಗುದ್ದಿದ್ದು ಏನು ಅಂತ ಕಾಣದ ಗುಮಾಸ್ತರು, ಅವರ ಮೀಸೆ, ತೋಳು ನೋಡಿ, ಉಂಡದ್ದು ಸಾಲದು ಅಂತ ಇವರೇ ಎತ್ತಿ ತಂದು ಕೂಡಿಸಿದರು ಅಂದುಕೊಂಡು ಬೆವರಿದರು.

“ಮುಂಚೆಯೇ ಹೇಳಬಾರದಾ ಯಜಮಾನ್ರೇ” ಅಂದರು ಸಣ್ಣ ದನಿಯಲ್ಲಿ. “ಇನ್ನೆರಡು ರೊಟ್ಟಿ ಹಾಕಿಸ್ರಿ, ಉಂಡೇ ಏಳ್ತೀನಿ.”

ಮೈ ಕೊಡವದ ಟಗರು

ಹರಕೆಯ ದಿನ ಬಂತು. ಬೆಳಗಿನ ಬಿಸಿಲು. ಹಿತ್ತಲಿಗೆ ಚಪ್ಪರ ಹಾಕಿದ್ದರು. ಊರ ಹಿರಿಯರು ಬಂದು ಚಾಪೆ ಮೇಲೆ ಕೂತಿದ್ದರು. ಜೋಳದ ಹಿಟ್ಟು ನಾದಿ ಇಟ್ಟಿತ್ತು, ಮಸಾಲೆ ಅರೆದಿತ್ತು, ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಟಗರಿಗೆ ಅರಿಶಿನ ಹಚ್ಚಿ, ಬೇವಿನ ಸರ ಹಾಕಿ, ಪೂಜಾರಪ್ಪ ತೀರ್ಥದ ನೀರು ಹಿಡಿದು ನಿಂತ.

ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಿರಬೇಕು. ಹರಕೆ ಕುರಿಯ ಮೈ ಮೇಲೆ ನೀರು ಚಿಮುಕಿಸ್ತಾರೆ. ಅದು ಪಟಪಟ ಅಂತ ಮೈ ಕೊಡವಿದರೆ ಅಮ್ಮ ಒಪ್ಪಿದಳು ಅಂತ ಲೆಕ್ಕ, ಆಮೇಲೇ ಕಡಿಯೋದು. ಕೊಡವದಿದ್ದರೆ ಯಾರೂ ಕತ್ತಿ ಮುಟ್ಟುವಂತಿಲ್ಲ.

ಪೂಜಾರಪ್ಪ ನೀರು ಚಿಮುಕಿಸಿದ. ಟಗರು ನಿಂತೇ ಇತ್ತು.

ಇನ್ನೊಂದು ಸಲ. ನಿಂತೇ ಇತ್ತು. ಒಂದು ಚೊಂಬು ಸುರಿದ. ಟಗರು ಆರಾಮಾಗಿ ಕಣ್ಣು ಮುಚ್ಚಿತು. ಒಂದು ಕೊಡ ಸುರಿದ. ಟಗರು ಮೆಲುಕು ಹಾಕಿತು. ನನಗೆ ಆಗ ಹೊಳೆಯಿತು ನೋಡಿ. ಮೂರು ತಿಂಗಳು ದಿನಾ ಇನ್ನೂರು ಜನ ಕೈ ತೊಳೆದ ನೀರನ್ನ ಮೈ ಮೇಲೆ ಹೊತ್ತ ಪ್ರಾಣಿ ಅದು! ಅದರ ಲೆಕ್ಕದಲ್ಲಿ ಇನ್ನೂರಾ ಒಂದನೆಯವನು ಪೂಜಾರಪ್ಪ, ಊಟ ಆಯಿತು, ಕೈ ತೊಳೆದ, ಅಷ್ಟೇ.

ಇದನ್ನ ಯಾರಿಗೆ ಹೇಳೋದು? ದೇವರ ಟಗರಿನ ಮೇಲೆ ಎಂಜಲು ಕೈ ತೊಳೆಸಿದಿಯಾ ಅಂತ ನನ್ನನ್ನೇ ಕಡೀತಾರೆ.

ಬಿಸಿಲು ಏರಿತು. ಹಂಡೆಯ ನೀರು ಕುದ್ದು ಕುದ್ದು ಅರ್ಧಕ್ಕೆ ಬಂತು. ಹಿರಿಯರ ಹೊಟ್ಟೆ ಗುರುಗುಟ್ಟುವುದು ಚಪ್ಪರದ ಆಚೆಗೂ ಕೇಳುತ್ತಿತ್ತು. ಪೈಲ್ವಾನರ ಮುಖ ಬೂದಿಯಾಗಿತ್ತು, ವಾಸಿಯಾಗಿದ್ದ ಆ ಮೊಣಕಾಲು ಕೂತಲ್ಲೇ ಮತ್ತೆ ನೋಯೋಕೆ ಹತ್ತಿತ್ತು. ಒಬ್ಬ ಹಿರಿಯರು, “ಅಮ್ಮ ಒಲ್ಲೆ ಅಂತಾಳೆ. ಏಳ್ರಿ, ಹೋಗಾನ” ಅಂದರು. ಅವರು ಎದ್ದರೆ ಮುಗಿಯಿತು. ಹರಕೆ ಕೆಟ್ಟಿತು, ಆಕೆ ಹರಿಹರಕ್ಕೆ.

ಪೂಜಾರಪ್ಪ ಕೈ ಎತ್ತಿ ಕೂಗಿದ. “ತಡೀರಿ! ಈ ಮನೆಯಾಗೆ ಯಾರೋ ಸುಳ್ಳು ನಡೆಸ್ಯಾರೆ. ಅದಕ್ಕೇ ಅಮ್ಮ ಮುನಿಸಿಕೊಂಡಾಳೆ. ಯಾರು ಅಂತ ಒಪ್ಪಿಕೊಳ್ರಿ. ಇಲ್ಲಾಂದ್ರೆ ಅಮ್ಮನೇ ತೋರಿಸ್ತಾಳೆ!”

ನಾನು ಟಗರಿನ ಪಕ್ಕದಲ್ಲೇ ನಿಂತಿದ್ದೆ, ಹಗ್ಗ ನನ್ನ ಕೈಯಲ್ಲಿ. ಸುಳ್ಳು ಅಂದರೆ ಇನ್ನಾರದು? ಮಹಾರಾಜರದ್ದಾ? ಅಮ್ಮ ತೋರಿಸೋಕೆ ಮುಂಚೆ ನಾನೇ ಹೇಳಿದರೆ ಬರೀ ಗೋಡೆ ಆಚೆಗೆ ಹೋಗ್ತೀನಿ, ಅಮ್ಮ ತೋರಿಸಿದರೆ ಎಲ್ಲಿಗೆ ಹೋಗ್ತೀನೋ ಯಾರಿಗೆ ಗೊತ್ತು? ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

“ಯಜಮಾನ್ರೇ, ನನಗೆ...” ಅಂದೆ.

ಅಂದಿದ್ದೇ ತಡ, ನಡುಕ ಶುರುವಾಯಿತು ನೋಡಿ. ಮೊದಲು ಮಂಡಿ, ಆಮೇಲೆ ತೊಡೆ, ಆಮೇಲೆ ಹೊಟ್ಟೆ, ಹಲ್ಲು ಕಟಕಟ. ಅಂಥ ನಡುಕ ದಾವಣಗೆರೆ ಸೀಮೆಯಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗಲ್ಲ. ಮೈಯಿಂದ ಭುಜಕ್ಕೆ ಬಂತು, ಭುಜದಿಂದ ಕೈಗೆ, ಕೈಯಿಂದ ಹಗ್ಗಕ್ಕೆ ಇಳಿಯಿತು, ಹಗ್ಗದ ತುಂಬ ಹಾವಿನ ಹಾಗೆ ಹರಿದು ಹೋಗಿ ಟಗರಿನ ಕುತ್ತಿಗೆಗೆ ಸೇರಿಕೊಂಡಿತು!

ಪಟಪಟಪಟಪಟ! ಕೊಂಬಿನಿಂದ ಬಾಲದ ತುದಿವರೆಗೂ ಕೊಡವಿತು. ಒಂದು ಕೊಡ ನೀರು ಹಿರಿಯರ ಮುಖಕ್ಕೆ ಮಳೆ ಹೊಡೆದಂಗೆ ಹೊಡೀತು. “ಒಪ್ಪಿದಳೋ! ಅಮ್ಮ ಒಪ್ಪಿದಳು!” ಅಂತ ಪೂಜಾರಪ್ಪ ಕುಣಿದ. ಪೈಲ್ವಾನರು ಓಡಿ ಬಂದು ನನ್ನನ್ನ ಎತ್ತಿಕೊಂಡರು. ಗೋಡೆ ಆಚೆಗೇ ಅಂದುಕೊಂಡು ನಾನು ಕಿರುಚಿದೆ. ಅವರು ಬರೀ ಅಪ್ಪಿಕೊಂಡರು.

“ಏನೋ ಹೇಳೋಕೆ ಹೋದೆಯಲ್ಲ, ‘ಯಜಮಾನ್ರೇ ನನಗೆ’ ಅಂತ. ಏನದು?”

“ಹಸಿವಾಗೈತೆ ಅಂತ” ಅಂದೆ.

ಮಧ್ಯಾಹ್ನ ಕಲ್ಲು ಗಡಗಡ ತಿರುಗಿತು, ನಿಧಾನವಾಯಿತು, ನಿಂತಿತು. ನಾನು ಪಾತ್ರೆ ಇಳಿಸಿದೆ. ಹಿರಿಯರಲ್ಲಿ ಹಿರಿಯರಾದವರು ನಲ್ಲಿ ಮೂಳೆ ಎತ್ತಿ, ಕುಟ್ಟಿ, ಹೀರಿ, ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ನನ್ನ ಜೀವ ಆ ಮೂಳೆಯ ತೂತಿನಲ್ಲೇ ಇತ್ತು. ಕೊನೆಗೆ ಕಣ್ಣು ತೆರೆದು ಪೈಲ್ವಾನರಿಗೆ ಹೇಳಿದರು. “ಈ ಕೈಯನ್ನ ಊರು ಬಿಟ್ಟು ಹೋಗಗೊಡಬ್ಯಾಡಪ್ಪ. ಏನಾದ್ರೂ ಕೊಟ್ಟು ಕಟ್ಟಿ ಹಾಕು.” ಮುಂದಿನ ತಿಂಗಳು ನಮ್ಮ ಮದುವೆ ಆಯಿತು.

ನಿನ್ನೆ ಸಂಜೆ ಇದನ್ನೇ ಕಟ್ಟೆ ಮೇಲೆ ಕೂತು ಎದುರು ಮನೆಯ ರಿಟೈರ್ಡ್ ಕಂಡಕ್ಟರಿಗೆ ಹೇಳಿದೆ. ಹಗ್ಗದಲ್ಲಿ ನಡುಕ ಹರಿದ ಕಡೆ ಬಂದಾಗ ಅವನ ರೋಮ ಎದ್ದು ನಿಂತವು. ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮಾಕೆ ತಲೆ ಎತ್ತಲಿಲ್ಲ.

“ಕಿವಿಯಾಗೆ ನೀರು ಬಿಟ್ಟಿದ್ದು ನಾನು” ಅಂದಳು.

“ಯಾರ ಕಿವಿಯಾಗೆ?” ಅಂದ ಕಂಡಕ್ಟರು.

“ಟಗರಿನ ಕಿವಿಯಾಗೆ. ಆರತಿ ತಂಬಿಗೆ ಹಿಡಕೊಂಡು ಪಕ್ಕದಾಗೇ ನಿಂತಿದ್ದೆ. ಎಲ್ಲಾರೂ ಪೂಜಾರಪ್ಪನ ಬಾಯಿ ನೋಡ್ತಿದ್ರು, ಇವರು ಕಣ್ಣು ಮುಚ್ಚಿದ್ರು. ಒಂದು ಗುಟುಕು ಬಿಟ್ಟೆ. ಕಿವಿಗೆ ನೀರು ಹೋದ್ರೆ ಆನೆನೂ ಕೊಡವುತ್ತೆ.”

“ಅಲ್ಲಮ್ಮ, ಹರಿಹರದವನಿಗೆ ಹೋಟ್ಲೇ ಇತ್ತಲ್ಲ!”

“ಇತ್ತು. ಅಡಿಗೆನೂ ಬರ್ತಿತ್ತಂತೆ. ಅಡಿಗೆ ಬರೋ ಗಂಡನ್ನ ಕಟ್ಟಿಕೊಂಡ್ರೆ ಒಲೆ ಮುಂದೆ ನನ್ನ ಮಾತು ನಡೀತಿತ್ತಾ?”

ಕಂಡಕ್ಟರು ನನ್ನ ಕಡೆ ತಿರುಗಿ ನಕ್ಕ. ನಾನು ಬಿಡುವವನಾ? “ನೀರು ಬಿಟ್ಟಿರಬಹುದಪ್ಪ, ನಾನು ಇಲ್ಲ ಅನ್ನಲ್ಲ” ಅಂದೆ. “ಆದ್ರೆ ನನ್ನ ಕೈ ನಡುಕ ಹಗ್ಗದಾಗೆ ಹೋಗಿದ್ದಂತೂ ಖರೆ.”

ನಮ್ಮಾಕೆ ಮೊರ ಕೆಳಗಿಟ್ಟಳು. “ಹಗ್ಗ ಎಲ್ಲಿತ್ತು ನಿಮ್ಮ ಕೈಯಾಗೆ? ಹಗ್ಗ ಕಟ್ಟಿದ್ದು ಚಪ್ಪರದ ಕಂಬಕ್ಕೆ. ಬಿದ್ದು ಹೋಗ್ತೀನಿ ಅಂತ ನೀವು ಆ ಕಂಬಾನ ತಬ್ಬಿಕೊಂಡು ನಿಂತಿದ್ರಿ.”

ನಾನು ಭುಜ ಕುಣಿಸಿದೆ. “ಹಂಗಾದ್ರೆ ಕಂಬಾನೂ ನಡುಗೈತೆ, ಬಿಡು.”